ಸಹಾಯ ಬೇಕು: ಅಕ್ಕನ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ಅಂಕೋಲೆಯಲ್ಲಿರುವ ನಮ್ಮ ಅಕ್ಕನಿಗೆ ಸಕ್ಕರೆ ಕಾಯಿಲೆಯೂ ಮಂಡಿನೋವೂ ಹೆಚ್ಚಾಗಿದ್ದು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 38 ಇರುವುದರಿಂದ ವೈದ್ಯರು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಸೂಚಿಸಿದ್ದಾರೆ. ನಮ್ಮ ಮುಂದಿರುವ ಆಯ್ಕೆ ಎರಡು: ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುವುದು ಸ್ಲೀವ್; ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುವುದು ಬೈಪಾಸ್. ಅಕ್ಕನಿಗೆ ಮೊದಲಿನಿಂದಲೂ ಹುಳಿತೇಗು, ಎದೆಯುರಿ ಇದ್ದು, ಸ್ಲೀವ್ ನಂತರ ಅದು ಹೆಚ್ಚಾಗುವ ಸಾಧ್ಯತೆ ಇರುವುದರಿಂದ ನನ್ನ ಒಲವು ಬೈಪಾಸ್ ಕಡೆಗಿದೆ. ಆದರೆ ಅದಾದ ಮೇಲೆ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಜೀವನಪೂರ್ತಿ ತಪ್ಪಿಸುವಂತಿಲ್ಲ; ಸಿಹಿ ತಿಂದರೆ ಬೆವರು, ತಲೆಸುತ್ತು, ಭೇದಿ ಆಗಬಹುದು.

ನನಗೆ ಹೆಚ್ಚಿನ ಚಿಂತೆ ಚೇತರಿಕೆಯ ದಿನಗಳದ್ದು. ಮೊದಲ ವಾರಗಳಲ್ಲಿ ದ್ರವಾಹಾರ, ಆಮೇಲೆ ನುಣ್ಣಗೆ ಅರೆದದ್ದು, ಗಟ್ಟಿ ಊಟಕ್ಕೆ ಒಂದೆರಡು ತಿಂಗಳೇ ಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕಾಗಿರುವಾಗ ಕುಚ್ಚಲಕ್ಕಿ ಗಂಜಿಯ ತಿಳಿಯಿಂದ ಅದು ಸಿಗದು. ಮುಳ್ಳು ಬಿಡಿಸಿ ಬೇಯಿಸಿದ ಬಂಗಡೆಯನ್ನು ಅರೆದು ಕೊಟ್ಟವರಿದ್ದರೆ, ಯಾವ ವಾರದಿಂದ ಹೊಟ್ಟೆಗೆ ಹಿಡಿಸಿತು ಎಂದು ದಯವಿಟ್ಟು ಬರೆಯಿರಿ.

ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅರಬೈಲ್ ಘಟ್ಟ ಇಳಿದು ಮನೆಗೆ ಬಂದವರು, ಆ ಪ್ರಯಾಣ ಹೇಗಿತ್ತು, ಜ್ವರವೋ ಹೊಟ್ಟೆನೋವೋ ಎದೆಬಡಿತವೋ ಏರಿದರೆ ರಾತ್ರಿಹೊತ್ತು ಹತ್ತಿರದಲ್ಲಿ ಎಲ್ಲಿಗೆ ಹೋಗಬೇಕೆಂದು ಮೊದಲೇ ಮಾತಾಡಿಟ್ಟುಕೊಂಡಿದ್ದಿರೇ ಎಂಬುದನ್ನೂ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.