ದೊಡ್ಡ ಪರದೇಲಿ 'ರಿಯರ್ ವಿಂಡೋ': ಮಂಡ್ಯದಿಂದ ಬರಬಹುದಾ?

ಪ್ರಶ್ನೆ: ಮೊಬೈಲಲ್ಲಿ ನೋಡಿದೀನಿ. ಕಾಲು ಮುರ್ಕೊಂಡ ಫೋಟೋಗ್ರಾಫರ್ ಕಿಟಕಿ ಪಕ್ಕ ಕೂತೇ ಇರ್ತಾನೆ, ಅಷ್ಟೇ ಅನ್ನಿಸ್ತು. ಭಾನುವಾರ ಮೈಸೂರಲ್ಲಿ ಪರದೆ ಮೇಲೆ ಹಾಕ್ತಾರಂತೆ. ರೈಲು ಹತ್ತಲಾ?

ಉತ್ತರ: ಹತ್ತಿ ಸಾರ್! 1954ರ ಸಿನಿಮಾ. ಅವನ ಕಿಟಕಿಯಿಂದ ಕಾಣೋ ವಠಾರ ಪೂರ್ತಿ ಪ್ಯಾರಮೌಂಟ್ ಸ್ಟುಡಿಯೋ ಒಳಗೆ ಕಟ್ಟಿದ ಸೆಟ್. ಮೊಬೈಲಲ್ಲಿ ಕಿಟಕಿಗಳೆಲ್ಲ ಬೆಂಕಿಪೊಟ್ಟಣದಷ್ಟು. ಪರದೇಲಿ ಹಂಗಲ್ಲ, ಯಾವ ಮನೆ ಇಣುಕೋದು ಅಂತ ನೀವೇ ಆರಿಸ್ಕೋಬೇಕು. ಕೊಲೆಗಾರ ಅಂತ ಫೋಟೋಗ್ರಾಫರ್‌ಗೆ ಅನುಮಾನ ಇರೋ ಎದುರುಮನೆಯೋನು ಕತ್ತಲಲ್ಲಿ ಕೂತು ಹೊಗೆ ಎಳೀತಾನಲ್ಲ, ಆ ಕೆಂಪು ಚುಕ್ಕಿ ಕಂಡು ನನ್ನ ಪಕ್ಕದ ಅಜ್ಜ "ಅಯ್ಯೋ ಶಿವನೇ" ಅಂದ್ರು. (ಅಲ್ಲೀವರ್ಗೂ ಗೊರಕೆ!)

ಉತ್ತರ: ಕಿವೀನೂ ಕೊಡಿ. ಹಿನ್ನೆಲೆ ಸಂಗೀತ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬೀದಿ ಗದ್ದಲ, ರೇಡಿಯೋ, ಪಕ್ಕದ್ಮನೆ ಪಿಯಾನೋ.

ಪ್ರಶ್ನೆ ಕೇಳಿದವರು: ಬಂದೆ ಬಿಡಿ. ಡೈರೆಕ್ಟರ್ ಹಿಚ್‌ಕಾಕ್ ಎಲ್ಲಿ ಮುಖ ತೋರಿಸ್ತಾನೆ?

ಉತ್ತರ: ಆ ಪಿಯಾನೋ ಮನೇಲೇ, ಗಡಿಯಾರಕ್ಕೆ ಕೀ ಕೊಡ್ತಿರ್ತಾನೆ.