ಸಹಾಯ ಬೇಕು: ಸ್ಟ್ರೋಕ್ ಆದ ಅಪ್ಪಗ ಸ್ಪೀಚ್ ಥೆರಪಿ ಜೊತಿ ಮಿದುಳಿಗೆ ಕರೆಂಟ್ ಕೊಡಿಸ್ಬೇಕೋ ಬ್ಯಾಡೋ?

ಎಲ್ಲರಿಗೂ ಶರಣು. ನಮ್ದು ಕಲಬುರಗಿ. ಅಪ್ಪಗ ಸ್ಟ್ರೋಕ್ ಆಗಿ ಏಳು ತಿಂಗಳಾತು. ಬಲಗೈ ಅರ್ಧ ಸುಧಾರಿಸ್ಯಾದ, ಮಾತು ಮಾತ್ರ ಬರವಲ್ದು. ನಾವು ಅಂದಿದ್ದೆಲ್ಲ ತಿಳೀತದ. ಆದ್ರ ನೀರು ಬೇಕಂದ್ರೂ "ರೊಟ್ಟಿ", ಚಸ್ಮಾ ಬೇಕಂದ್ರೂ "ರೊಟ್ಟಿ". ತಪ್ಪಾತಂತ ಅವರಿಗೇ ಗೊತ್ತಾಗಿ ಹಣಿ ಹಣಿ ಬಡ್ಕೋತಾರ. ಭಜನಿ ಪದ ಶುರು ಮಾಡಿದ್ರ ಪೂರಾ ಸಾಲು ಸರಳ ಹಾಡ್ತಾರ ನೋಡ್ರಿ!

ವಾರಕ್ಕ ಎರಡು ದಿನ ಥೆರಪಿ, ಮನ್ಯಾಗ ಚಿತ್ರ ತೋರ್ಸಿ ಹೆಸರು ಹೇಳಿಸ್ತೀವಿ. ಮೂರು ತಿಂಗಳಿಂದ ಅಲ್ಲೇ ನಿಂತದ. ಈಗ ಒಬ್ಬ ಡಾಕ್ಟ್ರು ಟಿಡಿಸಿಎಸ್ ಅಂದಾರ: ತಲಿ ಮ್ಯಾಲ ಹಸಿ ಸ್ಪಂಜು ಇಟ್ಟು 1–2 ಮಿಲಿಆಂಪ್ ಕರೆಂಟು, ಸುಮಾರು 20 ನಿಮಿಷ, ಅದೇ ಹೊತ್ತಿಗೆ ಮಾತಿನ ಅಭ್ಯಾಸ. ಇನ್ನೊಬ್ಬರು ಆರ್‌ಟಿಎಂಎಸ್ ಅಂತಾರ: ಕರೆಂಟಿನ ಬದ್ಲಿ ತಲಿ ಹತ್ರ ಯಂತ್ರ ಹಿಡ್ದು ಮಿದುಳಿಗೆ ಆಯಸ್ಕಾಂತದ ಮಿಡಿತ ಕೊಡೋದು. ಅವ್ವ ಶಾಕ್ ಕೊಡ್ತಾರಂತ ಅಂಜ್ಯಾಳ. ಅದು ಬ್ಯಾರೆ ಅಂತ ತಿಳಿಸೋದ್ರಾಗೇ ಸಾಕಾತು. ನನ್ನ ಅಂಜಿಕಿ ಬ್ಯಾರೆ: ಸ್ಟ್ರೋಕ್ ಆದ ವಾರದಾಗ ಅಪ್ಪಗ ಒಮ್ಮೆ ಫಿಟ್ಸ್ ಬಂದಿತ್ತು.

ನಿಮ್ಹಾನ್ಸ್‌ಗೋ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ತೋರಿಸಿದವರು ಯಾರರೆ ಇದ್ರ ಹೇಳ್ರಿ. ಫಿಟ್ಸ್ ಬಂದವರಿಗೆ ಈ ಎರಡರಾಗ ಯಾವುದಕ್ಕ ನಿಮ್ಮ ಡಾಕ್ಟ್ರು ಒಪ್ಪಿದ್ರು? ಎಷ್ಟು ಸಲ ಮಾಡಿಸಿದ ಮ್ಯಾಲ ಹೊಸ ಶಬ್ದ ಬಂದ್ವು?