ಮನೆಗೆ ಕರೆದು ದುಡ್ಡು ಕೇಳುವುದಾ?

ಶಿವಮೊಗ್ಗದ ವಿನೋಬನಗರದ ಓದುಗಿಯೊಬ್ಬರು ಹಿಂದಿನ ಸಂಚಿಕೆಯಲ್ಲಿ ತಮ್ಮ ಪೇಚಾಟ ತೋಡಿಕೊಂಡಿದ್ದರು. ಮಗ ಶಾಲೆಗೆ ಹೋಗತೊಡಗಿದ ಮೇಲೆ ಅವರು ಅಡುಗೆ ಪಾತ್ರೆಗಳ ಕಂಪನಿಯೊಂದಕ್ಕೆ ಮಾರಾಟ ಸಲಹೆಗಾರ್ತಿಯಾಗಿ ಸೇರಿದ್ದಾರೆ. ದಪ್ಪ ತಳದ ಸ್ಟೀಲ್ ಪಾತ್ರೆಗಳು, ಒಂದು ಕುಕ್ಕರ್, ಇಂಡಕ್ಷನ್ ಒಲೆ. ಹತ್ತು ಹನ್ನೆರಡು ಜನರನ್ನು ಮನೆಗೆ ಕರೆದು, ಅಡುಗೆ ಮಾಡಿ ತೋರಿಸಿ ಮಾರಬೇಕು. ಮೊದಲ ಪ್ರಾತ್ಯಕ್ಷಿಕೆಗೆ ದಿನ ಗೊತ್ತಾಗಿದೆ. ಈಗಲೇ ಕೈ ನಡುಗುತ್ತಿದೆ, ನಾಲ್ಕು ಜನರೆದುರು ಮಾತು ಹೊರಡುವುದಿಲ್ಲ, ಕಂಪನಿಯ ಪುಸ್ತಕದಲ್ಲಿರುವ ಪಾಸ್ತಾವನ್ನು ಒಮ್ಮೆಯೂ ಮಾಡಿದವರಲ್ಲ. ಇದೆಲ್ಲಕ್ಕಿಂತ ಅತ್ತೆಯ ಒಂದು ಮಾತು ಹೆಚ್ಚು ಚುಚ್ಚುತ್ತಿದೆ: "ಮನೆಗೆ ಕರೆದು, ತಿನ್ನಲು ಕೊಟ್ಟು, ಆಮೇಲೆ ದುಡ್ಡು ಕೇಳುವುದಾ?" ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಪಾಸ್ತಾ ಬಿಟ್ಟುಬಿಡಿ. ಮಿಕ್ಕಿದ್ದು ಆಮೇಲೆ.

ನಾನು ಇದೇ ಕೆಲಸ ಒಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಮೊದಲ ಪ್ರಾತ್ಯಕ್ಷಿಕೆಯ ದಿನ ಆಷಾಢದ ಮಳೆ, ಹಂಚಿನ ಮೇಲಿನ ಸದ್ದಿಗೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಪುಸ್ತಕದಲ್ಲಿದ್ದ ಹಾಗೆ ಪನೀರ್ ಹುರಿಯಲು ಹೊರಟೆ. ಸ್ಟೀಲ್ ಬಾಣಲೆ ಕಾಯುವ ಮೊದಲೇ ತುಂಡುಗಳನ್ನು ಹಾಕಿಬಿಟ್ಟೆ. ಅಂಟಿತು. ಎಬ್ಬಿಸಲು ಹೋದರೆ ಅರ್ಧ ಬಾಣಲೆಗೆ, ಅರ್ಧ ಸಟ್ಟುಗಕ್ಕೆ. ಎದುರು ಕೂತವರಲ್ಲಿ ಒಬ್ಬರು "ಇರಲಿ ಬಿಡಿ, ಹಾಗೇ ಬುರ್ಜಿ ಮಾಡಿ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಒಂದು ಚಮಚ ಕೂಡ ಮಾರಾಟವಾಗಲಿಲ್ಲ.

ತಪ್ಪು ಪಾತ್ರೆಯದಲ್ಲ, ನನ್ನದು. ಸ್ಟೀಲ್ ಬಾಣಲೆ ಕಾದಿದೆಯೋ ಇಲ್ಲವೋ ನೋಡಲು ನಾಲ್ಕು ಹನಿ ನೀರು ಚಿಮುಕಿಸಬೇಕು. ಚುರ್ ಎಂದು ಅಲ್ಲೇ ಆರಿದರೆ ಇನ್ನೂ ಕಾಯಬೇಕು. ಹನಿ ಉಂಡೆಯಾಗಿ ಕೆಸುವಿನ ಎಲೆಯ ಮೇಲಿನ ಮಳೆಹನಿಯ ಹಾಗೆ ಓಡಾಡತೊಡಗಿದರೆ ಹದ ಬಂದಿದೆ. ಆಗ ಉರಿ ಸಣ್ಣ ಮಾಡಿ, ಎಣ್ಣೆ ಬಿಟ್ಟು, ಪದಾರ್ಥ ಹಾಕಿ ಸುಮ್ಮನಿರಬೇಕು. ಕೆದಕಬಾರದು. ಅಡಿ ಕೆಂಪಾದ ಮೇಲೆ ತಾನೇ ಬಿಡುತ್ತದೆ. ಈಗ ನಾನು ಶುರು ಮಾಡುವುದೇ ಈ ಹನಿಯ ಆಟದಿಂದ. ಎಲ್ಲರೂ ಕುರ್ಚಿಯಿಂದ ಎದ್ದು ಬಗ್ಗಿ ನೋಡುತ್ತಾರೆ, ಅಷ್ಟರಲ್ಲಿ ನನ್ನ ಅಂಜಿಕೆಯೂ ಹೋಗಿರುತ್ತದೆ.

ಮುಖ್ಯ ಅಡುಗೆಗೆ ಹಾಲುಬಾಯಿ ಇಟ್ಟುಕೊಳ್ಳಿ. ನಗಬೇಡಿ. ದಪ್ಪ ತಳದ ಪಾತ್ರೆಯ ಗುಣವನ್ನು ಮಲೆನಾಡಿನ ಹೆಂಗಸರಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಒಂದು ಲೋಟ ಅಕ್ಕಿಯನ್ನು ಮೂರು ಗಂಟೆ ನೆನೆಸಿ, ಒಂದು ಲೋಟ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಮೂರೂವರೆ ಲೋಟದಷ್ಟು ನೀರು ಸೇರಿಸಿ. ಒಂದು ಲೋಟ ಬೆಲ್ಲ ಕರಗಿಸಿ ಸೋಸಿಡಿ. ಇಷ್ಟೂ ಜನ ಬರುವ ಮೊದಲೇ ಆಗಿರಬೇಕು. ಅವರೆದುರು ಮಾಡುವುದು ಎರಡನ್ನೂ ಬೆರೆಸಿ ಒಲೆಯ ಮೇಲಿಟ್ಟು ಮಗುಚುವುದನ್ನು ಮಾತ್ರ. ತೆಳು ಪಾತ್ರೆಯಲ್ಲಿ ಒಂದು ನಿಮಿಷ ಕೈ ಬಿಟ್ಟರೂ ತಳ ಹಿಡಿದು ಸೀದ ವಾಸನೆ ಬರುತ್ತದೆ ಎಂದು ಅಲ್ಲಿ ಕೂತ ಪ್ರತಿಯೊಬ್ಬಳಿಗೂ ಗೊತ್ತು. ಅರ್ಧಕ್ಕೆ ಬಂದಾಗ ಸೌಟನ್ನು ಯಾರದಾದರೂ ಕೈಗೆ ಕೊಡಿ. ತಳದ ಮೇಲೆ ಸೌಟು ನುಣ್ಣಗೆ ಜಾರುವುದು ಕೈಗೇ ತಿಳಿಯುತ್ತದೆ, ನೀವು ವಿವರಿಸುವುದೇ ಬೇಡ. ಕೊನೆಗೆ ಅಂಚು ಬಿಟ್ಟು ಮುದ್ದೆಯಾದದ್ದನ್ನು ತುಪ್ಪ ಸವರಿದ ತಟ್ಟೆಗೆ ಸುರಿದು, ಖಾಲಿ ಪಾತ್ರೆಯನ್ನು ಒಂದು ಸುತ್ತು ಕಳಿಸಿ. ಪಾತ್ರೆಯ ಒಳಗೆ ಇಣುಕದೆ ಮುಂದೆ ದಾಟಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಜೊತೆಗೆ ನೀರು ಹಾಕದ ಬೀಟ್‌ರೂಟ್ ಪಲ್ಯ. ತೊಳೆದಾಗ ಉಳಿದ ಪಸೆ ಸಾಕು. ಸಣ್ಣ ಉರಿ, ಬಿಗಿ ಮುಚ್ಚಳ, ನಡುವೆ ತೆಗೆದು ನೋಡಬಾರದು. ಎರಡೇ ಅಡುಗೆ. ಮೂರನೆಯದಕ್ಕೆ ಕೈ ಹಾಕಿದರೆ ಮಾತು ತಪ್ಪುತ್ತದೆ. ಇದನ್ನು ಗಡಿಯಾರ ಇಟ್ಟುಕೊಂಡು ಮೂರು ಸಲ ಮನೆಯವರೆದುರು ಮಾಡಿ. ಮಾತನ್ನು ಬಾಯಿಪಾಠ ಮಾಡಬೇಡಿ, ಕೈ ಏನು ಮಾಡುತ್ತಿದೆಯೋ ಅದನ್ನೇ ಹೇಳುತ್ತಾ ಹೋಗಿ.

ಇನ್ನೊಂದು, ಯಾರೂ ಹೇಳದಿರುವುದು. ಮುಂದೆ ಬೇರೆಯವರ ಮನೆಗೆ ಹೋಗಬೇಕಾಗುತ್ತದೆ. ನಮ್ಮ ಕಡೆ ಖಾಸಗಿ ಬಸ್ಸೇ ಹೆಚ್ಚು, ಶಕ್ತಿ ಯೋಜನೆಯ ಉಚಿತ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ. ನಿಮ್ಮ ಟಿಕೆಟ್, ಪಾತ್ರೆ ಚೀಲದ ಲಗೇಜು, ತೆಂಗಿನಕಾಯಿ, ಬೆಲ್ಲ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ನಾನು ಮೊದಲ ವರ್ಷ ಬರೆಯಲಿಲ್ಲ, ಲಾಭ ಬಂತೆಂದೇ ತಿಳಿದುಕೊಂಡಿದ್ದೆ.

– ಓದುಗಿ, ತೀರ್ಥಹಳ್ಳಿ

*

ನಾನು ಇಂಥದ್ದೇ ಪ್ರಾತ್ಯಕ್ಷಿಕೆಗೆ ಕರೆಸಿಕೊಂಡು ಹೋದವಳು. ಆ ಕಡೆಯ ಕಥೆಯನ್ನೂ ಕೇಳಿ.

ಓರಗಿತ್ತಿಯ ತಂಗಿ ಫೋನ್ ಮಾಡಿ "ಸುಮ್ಮನೆ ಬಾ ಅಕ್ಕ, ಮಾತಾಡಿ ಎಷ್ಟು ದಿನ ಆಯ್ತು" ಅಂದಳು. ಹೋದರೆ ಜಗಲಿಯಲ್ಲಿ ಕುರ್ಚಿ ಸಾಲು. ಬಿಸಿ ಕಟ್ಲೆಟ್ ಬಂತು, ಚೆನ್ನಾಗಿತ್ತು. ಆಮೇಲೆ ಕಾಫಿ ಲೋಟದ ಜೊತೆ ಅದೇ ಟ್ರೇಯಲ್ಲಿ ಅರ್ಜಿ ಮತ್ತು ಪೆನ್ನು ಬಂತು. ಪಕ್ಕದವರು ಸಹಿ ಹಾಕಿದರು, ಅವರ ಪಕ್ಕದವರೂ ಹಾಕಿದರು. ನಾನೊಬ್ಬಳು ಹೇಗೆ ಬೇಡ ಅನ್ನಲಿ? ಹನ್ನೊಂದೂವರೆ ಸಾವಿರ, ಮೂರು ಕಂತು. ಮನೆಗೆ ಬಂದು ಗಂಡನಿಗೆ ಹೇಳಲು ನಾಲ್ಕು ದಿನ ಬೇಕಾಯಿತು. ಸೆಟ್ಟು ಈಗ ಅಟ್ಟದ ಮೇಲೆ, ಮಿಡಿ ಉಪ್ಪಿನಕಾಯಿ ಜಾಡಿಗಳ ಪಕ್ಕ ಇದೆ. ಮದುವೆ ಮನೆಯಲ್ಲಿ ಅವಳು ಕಂಡರೆ ನಾನು ಇನ್ನೊಂದು ಪಂಕ್ತಿಗೆ ಹೋಗಿ ಕೂರುತ್ತೇನೆ.

ಪಾತ್ರೆ ಕೆಟ್ಟದ್ದೇನಲ್ಲ. ಕರೆಯುವಾಗಲೇ "ಪಾತ್ರೆ ಮಾರುತ್ತಿದ್ದೇನೆ, ಇಂತಿಷ್ಟು ರೇಟು, ನೋಡಲು ಬಾ, ತಗೊಳ್ಳಲೇಬೇಕಂತಿಲ್ಲ" ಎಂದಿದ್ದರೆ ಬಹುಶಃ ನಾನೇ ಒಂದು ಬಾಣಲೆ ತಗೊಳ್ಳುತ್ತಿದ್ದೆ. ಅರ್ಜಿಯನ್ನು ತಿಂಡಿ ತಟ್ಟೆಯ ಹತ್ತಿರ ಇಡಬೇಡಿ. ಬೇಡ ಅಂದವರನ್ನು ಗೇಟಿನವರೆಗೆ ಹೋಗಿ ಕಳಿಸಿಕೊಡಿ.

– ಹೆಸರು ಬೇಡ, ಹೊಸನಗರ

*

ಪತ್ರ ಓದಿ ನನಗೆ ಕಂಡದ್ದು ಇಂಡಕ್ಷನ್ ಒಲೆ. ಅದು 2000 ವ್ಯಾಟ್‌ದಾದರೆ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. ಹಾಲ್‌ನಲ್ಲಿ ಟಿವಿಗೆ ಇರುವ ಸಣ್ಣ ಸಾಕೆಟ್ 6 ಆಂಪಿಯರಿನದು. ಜನ ಕೂತಿದ್ದಾರೆಂದು ಅಲ್ಲಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದರೆ ಪ್ಲಗ್ ಕರಗುವ ವಾಸನೆ ನಿಮ್ಮ ಅಡುಗೆಯ ಪರಿಮಳವನ್ನೂ ಮುಚ್ಚಿಬಿಡುತ್ತದೆ. 16 ಆಂಪಿಯರ್ ಸಾಕೆಟ್ ಅಡುಗೆಮನೆಯಲ್ಲಿದ್ದರೆ ಪ್ರಾತ್ಯಕ್ಷಿಕೆ ಅಡುಗೆಮನೆಯಲ್ಲೇ ಆಗಲಿ, ಜನ ಸ್ವಲ್ಪ ಒತ್ತಿಕೊಂಡು ನಿಲ್ಲಲಿ. ಮನೆಯ ಸಣ್ಣ ಇನ್ವರ್ಟರ್ ಈ ಒಲೆಯನ್ನು ಹೊರುವುದಿಲ್ಲ, ಗ್ಯಾಸ್ ಒಲೆ ಸಿದ್ಧ ಇರಲಿ. ಮಳೆಗಾಲದಲ್ಲಿ ಕರೆಂಟಿನ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ.

"ನಮ್ಮ ಹಳೇ ಪಾತ್ರೆ ಇದರ ಮೇಲೆ ನಡೆಯುತ್ತದಾ?" ಎಂದು ಖಂಡಿತ ಕೇಳುತ್ತಾರೆ. ಫ್ರಿಜ್ಜಿನ ಮೇಲಿನ ಒಂದು ಆಯಸ್ಕಾಂತ ಕೈಯಲ್ಲಿರಲಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ನಡೆಯುತ್ತದೆ. ಬರೀ ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರ, ಕಲ್ಲಿನ ಪಾತ್ರೆ, ಯಾವುದೂ ನಡೆಯುವುದಿಲ್ಲ. "ಬಿಲ್ ಎಷ್ಟು ಬರುತ್ತೆ?" ಎಂಬುದು ಎರಡನೇ ಪ್ರಶ್ನೆ. 2000 ವ್ಯಾಟ್‌ನಲ್ಲಿ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಿ. ಹಿಂದಿನ ಸರಾಸರಿಗಿಂತ ಸ್ವಲ್ಪ ಹೆಚ್ಚಿನವರೆಗೆ ಮಾತ್ರ ಉಚಿತ, ಅದೂ 200 ಯೂನಿಟ್ಟಿನ ಒಳಗೆ. ದಿನವೂ ಇಂಡಕ್ಷನ್ನಿನಲ್ಲೇ ಅಡುಗೆ ಮಾಡಿದರೆ ಲೆಕ್ಕ ಬದಲಾಗುತ್ತದೆ.

ಕುಕ್ಕರಿನ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿಕೊಳ್ಳಿ. ಪ್ರೆಷರ್ ಕುಕ್ಕರಿಗೆ ಅದು ಕಡ್ಡಾಯ. ಬೇಳೆ ಬೇಯಿಸುವುದಾದರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ನೊರೆ ಉಕ್ಕಿ ವಾಲ್ವಿಗೆ ಸೇರಿಕೊಳ್ಳುತ್ತದೆ.

– ಎಲೆಕ್ಟ್ರಿಷಿಯನ್, ಸಾಗರ

*

ಸೋಡಾ ನೀರಿನ ಆಟ ನಿಮಗೂ ಕಲಿಸಿಕೊಟ್ಟಿದ್ದರೆ ಆಡಬೇಡಿ.

ಪಾತ್ರೆ ಮಾರುವ ಕೆಲವರು ಅತಿಥಿಯ ಮನೆಯ ಹಳೆಯ ಅಲ್ಯುಮಿನಿಯಂ ಪಾತ್ರೆಯಲ್ಲೂ ತಮ್ಮ ಸ್ಟೀಲ್ ಪಾತ್ರೆಯಲ್ಲೂ ಅಡುಗೆ ಸೋಡಾ ಹಾಕಿ ನೀರು ಕುದಿಸುತ್ತಾರೆ. ಆರಿದ ಮೇಲೆ ಎರಡನ್ನೂ ಚಮಚದಲ್ಲಿ ಕುಡಿಸುತ್ತಾರೆ. ಅಲ್ಯುಮಿನಿಯಂ ಪಾತ್ರೆಯ ನೀರು ಕಹಿ ಕಹಿ, ಲೋಹದ ರುಚಿ. "ನೋಡಿ, ದಿನಾ ಈ ವಿಷ ತಿನ್ನುತ್ತಿದ್ದೀರಿ" ಎನ್ನುತ್ತಾರೆ. ಸೋಡಾ ಕ್ಷಾರ. ಅಲ್ಯುಮಿನಿಯಂ ಮೇಲಿನ ಆಕ್ಸೈಡಿನ ತೆಳು ಪದರವನ್ನು ಕ್ಷಾರ ಕರಗಿಸುತ್ತದೆ, ರುಚಿ ಬರುವುದು ಅದರಿಂದ. ಸೋಡಾ ನೀರನ್ನು ಯಾರು ದಿನಾ ಕಾಯಿಸಿ ಕುಡಿಯುತ್ತಾರೆ? ಅನ್ನ, ಹಾಲು ಹಾಗೆ ವರ್ತಿಸುವುದಿಲ್ಲ.

ಅಲ್ಯುಮಿನಿಯಂನಲ್ಲಿ ಹುಳಿ ಇಡಬಾರದು ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಅಪ್ಪೆಹುಳಿ ಮಾಡುವುದಕ್ಕೆ, ಹಿತ್ತಾಳೆ ಪಾತ್ರೆಯಾದರೆ ಕಲಾಯಿ ಹಾಕಿಸದೆ ಮುಟ್ಟುತ್ತಿರಲಿಲ್ಲ. ಹುಳಿ, ಹುಣಸೆ, ಟೊಮೆಟೊ ಸಾರಿಗೆ ಸ್ಟೀಲ್ ಒಳ್ಳೆಯದು. ಅಷ್ಟು ಹೇಳಿ, ಅದು ನಿಜ. ಕ್ಯಾನ್ಸರ್, ಸಕ್ಕರೆ ಕಾಯಿಲೆ ಎಂದೆಲ್ಲ ಹೆದರಿಸಿ ಮಾರಬೇಡಿ. ಸಭೆಯಲ್ಲಿ ನನ್ನ ಹಾಗೆ ಒಬ್ಬಳು ಮೇಷ್ಟ್ರಮ್ಮ ಕೂತಿದ್ದರೆ ಎಲ್ಲರೆದುರು ಮರ್ಯಾದೆ ಹೋಗುತ್ತದೆ. ನಾನು ಒಮ್ಮೆ ಹಾಗೆ ಎದ್ದು ನಿಂತಿದ್ದೇನೆ. ಆ ಹುಡುಗಿಯ ಮುಖ ನೆನಪಾದರೆ ಈಗ ಪಾಪ ಅನಿಸುತ್ತದೆ, ಆದರೂ ಕೂತುಕೊಳ್ಳಲು ನನ್ನಿಂದ ಆಗಿರಲಿಲ್ಲ.

– ನಿವೃತ್ತ ರಸಾಯನಶಾಸ್ತ್ರ ಶಿಕ್ಷಕಿ, ಭದ್ರಾವತಿ

*

ಹೀಗೆ ಅಂಗಡಿಯಿಲ್ಲದೆ ನಡೆಯುವ ನೇರ ಮಾರಾಟಕ್ಕೆ ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ನಿಯಮಗಳನ್ನು ಹೊರಡಿಸಿದೆ. ನಿಮಗೆ ಬೇಕಾದಷ್ಟನ್ನು ಹೇಳುತ್ತೇನೆ. ಬೇರೆಯವರ ಮನೆಗೆ ಹೋಗುವಾಗ ಗುರುತಿನ ಚೀಟಿ ಇರಬೇಕು, ಮೊದಲೇ ಒಪ್ಪಿಗೆ ಪಡೆದಿರಬೇಕು. ಮಾತು ಶುರು ಮಾಡುವಾಗಲೇ ನೀವು ಯಾರು, ಯಾವ ಕಂಪನಿ, ಏನು ಮಾರಲು ಬಂದಿದ್ದೀರಿ ಎಂಬುದನ್ನು ಹೇಳಬೇಕು. ಬೆಲೆ, ಗ್ಯಾರಂಟಿ, ವಾಪಸು ಕೊಡುವ ಕ್ರಮ ಎಲ್ಲವನ್ನೂ ತಿಳಿಸಬೇಕು. ಕಂಪನಿ ಹೇಳದ ಗುಣಗಳನ್ನು ಪಾತ್ರೆಗೆ ಅಂಟಿಸಬಾರದು. "ಇನ್ನೂ ಮೂರು ಜನರನ್ನು ಕರೆತಂದರೆ ನಿಮ್ಮ ದುಡ್ಡು ವಾಪಸ್" ಎಂಬ ಮಾತನ್ನು ಆಡಲೇಬಾರದು.

ಇನ್ನು ನಿಮ್ಮ ರಕ್ಷಣೆಗೆ ಇರುವುದು. ನಿಮ್ಮನ್ನು ಸೇರಿಸಿಕೊಂಡವರು ಪ್ರಾತ್ಯಕ್ಷಿಕೆಯ ಪಾತ್ರೆ ಸೆಟ್ ಕೊಳ್ಳಲೇಬೇಕು ಎಂದು ಒತ್ತಾಯಿಸುವಂತಿಲ್ಲ. ಒಪ್ಪಂದದಲ್ಲಿ ಕೂಲಿಂಗ್ ಆಫ್ ಅವಧಿ ಎಷ್ಟೆಂದು ಇರುತ್ತದೆ. ಅಷ್ಟರೊಳಗೆ ಬೇಡವೆನಿಸಿದರೆ ದಂಡವಿಲ್ಲದೆ ಹೊರಗೆ ಬರಬಹುದು. ಆ ಕಾಗದವನ್ನು ಇವತ್ತೇ ತೆಗೆದು ಓದಿ. ಗ್ರಾಹಕರ ಸಹಾಯವಾಣಿ 1915.

– ವಾಣಿಜ್ಯ ಉಪನ್ಯಾಸಕ, ಶಿಕಾರಿಪುರ

*

ಮೊದಲ ಸಲಕ್ಕೆ ಹನ್ನೆರಡು ಜನ ಯಾಕೆ? ಐದು ಜನ ಸಾಕು. ಅದರಲ್ಲಿ ಒಬ್ಬಳು ಬಾಯಿ ಜೋರಿನವಳಿರಲಿ. ನೀವು ನಿಲ್ಲಿಸಿದಲ್ಲಿ ಅವಳು ಶುರು ಮಾಡುತ್ತಾಳೆ.

– ಓದುಗಿ, ಸೊರಬ

*

ನಿನ್ನ ಅತ್ತೆ ಹೇಳಿದ್ದು ಸರಿ. ನಾನೂ ಒಬ್ಬಳು ಅತ್ತೆಯೇ.

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಆಸರಿಗೆ, ಅಂದರೆ ಕುಡಿಯಲು, ಎಂತ ಬೇಕು ಅಂತ ಕೇಳ್ತೇವೆ. ಅದಕ್ಕೆ ರೇಟು ಹಚ್ಚಿದರೆ ಹಿರಿಯರಿಗೆ ಕಸಿವಿಸಿ ಆಗ್ತದೆ. ಹಾಗಂತ ನೀನು ದುಡೀಬೇಡ ಅಂತ ಅವಳು ಹೇಳಿಲ್ಲವಲ್ಲ. ತಿಂಡಿ ಬೇರೆ, ವ್ಯಾಪಾರ ಬೇರೆ ಮಾಡು. ಊಟದ ಹೊತ್ತಿಗೆ ಕರೀಬೇಡ. ಮಧ್ಯಾಹ್ನ ಮೂರಕ್ಕೆ ಕರಿ, ಪಾತ್ರೆ ತೊಳೆದು ಮುಗಿದಿರ್ತದೆ, ಹಾಲು ಕರೆಯೋ ಹೊತ್ತು ಇನ್ನೂ ಆಗಿರೋದಿಲ್ಲ. ಅರಿಶಿನ-ಕುಂಕುಮಕ್ಕೆ ಬನ್ನಿ ಅಂತ ಕರೆದು ಪಾತ್ರೆ ಬಿಚ್ಚುವುದು ಮಾತ್ರ ಬೇಡ, ಅದು ಮೋಸ. ಏಕಾದಶಿ ನೋಡಿಕೋ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಇದ್ದಾರಾ ಕೇಳಿಕೋ. ಅಡಿಕೆ ಮನೆಯವರನ್ನು ಕೊಯ್ಲಿನ ಕಾಲದಲ್ಲಿ ಕರೀಬೇಡ, ರಾತ್ರಿ ಹನ್ನೊಂದರ ತನಕ ಸುಲಿಯುವ ಹೆಂಗಸರಿಗೆ ನಿನ್ನ ಬಾಣಲೆ ನೋಡಲು ಪುರುಸೊತ್ತಿಲ್ಲ. ಅಡಿಕೆ ಮಾರಿ ದುಡ್ಡು ಕೈಗೆ ಬಂದ ಮೇಲೆ ಕರಿ.

ಆ ದಿನ ಯಾರ ಹತ್ತಿರವೂ ದುಡ್ಡು ಮುಟ್ಟಬೇಡ. "ಬೇಕಾದವರು ನಾಳೆ ಫೋನ್ ಮಾಡಿ" ಅಂದುಬಿಡು. ನಿನ್ನ ಅತ್ತೆಗೆ ಆಗ ಹೇಳೋದಕ್ಕೆ ಎಂತ ಇರ್ತದೆ?

ಅವಳನ್ನು ಒಳಗೆ ಕೂರಿಸಬೇಡ. ಅವಳ ಕೈಯ ಒಂದೆಲಗದ ತಂಬುಳಿ ಮಾಡಿಸು, ಬಂದವರಿಗೆಲ್ಲ ಅವಳೇ ಒಂದೊಂದು ಲೋಟ ಕೊಡಲಿ. ಅದು ಮಾರುವುದಕ್ಕಲ್ಲ ಅಂತ ಎಲ್ಲರೆದುರು ಹೇಳು. ನಾನೇ ಬಂದು ನೋಡ್ತಿದ್ದೆ, ಆದರೆ ಸಂಜೆ ಆರರ ಮೇಲೆ ನಮ್ಮೂರಿಗೆ ಬಸ್ಸಿಲ್ಲ.

– ಒಬ್ಬ ಅತ್ತೆ, ಕೊಪ್ಪದ ಹತ್ತಿರದ ಹಳ್ಳಿ